ಥೈರಾಯ್ಡ್ ಮಾತ್ರೆ, ಟಿಎಸ್‌ಎಚ್, ಶುಗರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. 11 ವರ್ಷದಿಂದ ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತಿರುವವಳು, ಅಷ್ಟೇ. ನಮ್ಮ ಮನೆಯಲ್ಲಿ ಅಮ್ಮನಿಗೂ ಇದೆ, ಅತ್ತಿಗೆಗೂ ಇದೆ, ಚಿಕ್ಕಪ್ಪನಿಗೆ ಶುಗರ್. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಾಯಸ ಬರುವಷ್ಟರಲ್ಲಿ ಯಾರಾದರೂ ಒಬ್ಬರು "ನಿನ್ನದು ಈಗ ಎಷ್ಟಿದೆ?" ಅಂತ ಶುರು ಮಾಡಿಯೇ ಮಾಡುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ, ನಾನೂ ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಡೋಸ್ ಎಷ್ಟಿರಬೇಕು ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

"ನನಗೆ ಥೈರಾಯ್ಡ್ ಇದೆಯಂತೆ" ಅಂದರೆ ಏನು?

ಥೈರಾಯ್ಡ್ ಎಲ್ಲರಿಗೂ ಇದೆ ಮಾರಾಯ್ರೇ! ಅದು ಕಾಯಿಲೆಯ ಹೆಸರಲ್ಲ, ಗ್ರಂಥಿಯ ಹೆಸರು. ಕತ್ತಿನ ಮುಂದೆ, ಗಂಟಲಿನ ಉಬ್ಬಿಗಿಂತ ಸ್ವಲ್ಪ ಕೆಳಗೆ, ಚಿಟ್ಟೆ ರೆಕ್ಕೆ ಹರಡಿ ಕೂತ ಹಾಗೆ ಇರುತ್ತದೆ. ತೂಕ 20 ಗ್ರಾಂ ಆಸುಪಾಸು. ನೀರು ನುಂಗಿದಾಗ ಅದು ಮೇಲೆ ಹೋಗಿ ಕೆಳಗೆ ಬರುತ್ತದೆ. ಡಾಕ್ಟರು ಕೈಗೆ ಒಂದು ಲೋಟ ನೀರು ಕೊಟ್ಟು, ಕುಡಿಯಿರಿ ಅಂತ ಹೇಳಿ ನಿಮ್ಮ ಕತ್ತನ್ನೇ ನೋಡುತ್ತಾ ನಿಲ್ಲುವುದು ಅದಕ್ಕೇ.

ಅದರ ಕೆಲಸ ಟಿ4, ಟಿ3 ಅನ್ನುವ ಎರಡು ಹಾರ್ಮೋನು ತಯಾರಿಸುವುದು. ಹೆಸರಿನಲ್ಲಿರುವ ಅಂಕಿ ಅಯೋಡಿನ್ ಪರಮಾಣುಗಳ ಲೆಕ್ಕ: ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು. ಗ್ರಂಥಿ ಹೆಚ್ಚಾಗಿ ಟಿ4 ಕಳಿಸುತ್ತದೆ. ಲಿವರ್, ಕಿಡ್ನಿ ಮುಂತಾದವು ಅದರಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡಿಕೊಳ್ಳುತ್ತವೆ. ನಿಜವಾದ ಕೆಲಸ ಮಾಡುವುದು ಟಿ3. ಮೈಯೆಂಬ ಒಲೆಯ ಉರಿ ಎಷ್ಟಿರಬೇಕು ಅಂತ ನೋಡಿಕೊಳ್ಳುವುದು ಇವೇ. ಉರಿ ಕಮ್ಮಿಯಾದರೆ ಹೈಪೋ, ಜಾಸ್ತಿಯಾದರೆ ಹೈಪರ್. ನಮ್ಮಲ್ಲಿ "ಥೈರಾಯ್ಡ್ ಇದೆ" ಅನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಹೈಪೋ.

ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಅಂತ ಬಂದಿದೆ, ಡಾಕ್ಟರು ಥೈರಾಯ್ಡ್ ಕಮ್ಮಿ ಅನ್ನುತ್ತಾರೆ. ಯಾವುದು ನಿಜ?

ಎರಡೂ ನಿಜ. ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನೇ ಅಲ್ಲ. ಅದು ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡದಿರುವ ಪಿಟ್ಯುಟರಿ ಗ್ರಂಥಿಯಿಂದ ಥೈರಾಯ್ಡಿಗೆ ಬರುವ ಆರ್ಡರು.

ನಡುಮನೆಯಲ್ಲಿ ಕೂತ ಅಪ್ಪ ಅಡುಗೆಮನೆ ಕಡೆ ತಿರುಗಿ "ಕಾಫಿ ಆಯ್ತಾ?" ಅನ್ನುತ್ತಾರೆ ಅಂದುಕೊಳ್ಳಿ. ಕಾಫಿ ಬಂದರೆ ಸುಮ್ಮನಾಗುತ್ತಾರೆ. ಬರದಿದ್ದರೆ ಇನ್ನೊಂದು ಸಲ, ಇನ್ನೂ ಜೋರಾಗಿ. ಟಿಎಸ್‌ಎಚ್ ಅಂದರೆ ಆ ಕೂಗು. ಕೂಗು ಜೋರಾಗಿದೆ ಅಂದರೆ ಕಾಫಿ ಬಂದಿಲ್ಲ ಅಂತ ಅರ್ಥ. ಮಾಮೂಲಾಗಿ 0.4ರಿಂದ 4 ಚಿಲ್ಲರೆವರೆಗೆ ಸರಿ ಅನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ. ಟಿ4 ಒಂಚೂರು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಹಾಗಾಗಿ 4 ಇದ್ದದ್ದು 8 ಆದರೆ ಥೈರಾಯ್ಡ್ ಅರ್ಧ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಲೆಕ್ಕ ಹಾಗೆ ನಡೆಯುವುದಿಲ್ಲ.

ಒಂದು ಸಂದರ್ಭದಲ್ಲಿ ಈ ಕೂಗನ್ನು ನಂಬುವ ಹಾಗಿಲ್ಲ. ಪಿಟ್ಯುಟರಿಯೇ ಹಾಳಾಗಿದ್ದರೆ ಟಿ4 ಕಮ್ಮಿಯಿದ್ದರೂ ಟಿಎಸ್‌ಎಚ್ ಏರುವುದಿಲ್ಲ, ಕೂಗುವವರೇ ಇಲ್ಲವಲ್ಲ. ಹೆರಿಗೆಯಲ್ಲಿ ಸಿಕ್ಕಾಪಟ್ಟೆ ರಕ್ತ ಹೋದ ಹೆಂಗಸರಲ್ಲಿ ಹೀಗಾಗುವುದುಂಟು. ಎದೆಹಾಲು ಬಂದಿರುವುದಿಲ್ಲ, ಮುಟ್ಟು ವಾಪಸ್ ಶುರುವಾಗಿರುವುದಿಲ್ಲ, ವರ್ಷಗಟ್ಟಲೆ ಸುಸ್ತು. ಬರೀ ಟಿಎಸ್‌ಎಚ್ ನೋಡಿ "ನಾರ್ಮಲ್" ಅಂತ ಕಳಿಸಿಬಿಟ್ಟರೆ ಅವರ ಕಥೆ ಮುಗಿಯಿತು. ಹೆರಿಗೆಯ ವಿಷಯವನ್ನು ನೀವಾಗಿಯೇ ಹೇಳಿ, ಹತ್ತು ವರ್ಷ ಹಳೆಯದಾದರೂ ಹೇಳಿ.

ಹೈಪೋ ಅಂತ ಗೊತ್ತಾಗುವುದು ಹೇಗೆ?

ಸುಸ್ತು, ಚಳಿ ತಡೆಯಲಾಗದೆ ಇರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಜಾಸ್ತಿ ರಕ್ತ, ಬೆಳಿಗ್ಗೆ ಊದಿದ ಮುಖ, ದಪ್ಪಗಾದ ಧ್ವನಿ. ಕಷ್ಟ ಏನೆಂದರೆ ಇವುಗಳಲ್ಲಿ ಅರ್ಧ ಯಾರಿಗಿಲ್ಲ ಹೇಳಿ? ನನಗೆ ಎರಡು ವರ್ಷ "ಕೆಲಸ ಜಾಸ್ತಿ, ಅದಕ್ಕೇ ಸುಸ್ತು" ಅಂತಲೇ ಕಳೆಯಿತು. ಆಮೇಲೆ ಒಬ್ಬ ವಯಸ್ಸಾದ ಡಾಕ್ಟರು ಕುರ್ಚಿಯ ಮೇಲೆ ಮೊಣಕಾಲೂರಿಸಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಪಾದ ಟಕ್ಕಂತ ಒದ್ದಿತು, ಆದರೆ ವಾಪಸ್ ಬರುವಾಗ ನಿಧಾನಕ್ಕೆ, ಸೋಮಾರಿ ಹಾಗೆ ಬಂತು. "ರಕ್ತ ಕೊಟ್ಟು ಬಾರಮ್ಮ, ನನಗೆ ಗೊತ್ತಾಯ್ತು" ಅಂದರು. ಟಿಎಸ್‌ಎಚ್ 38 ಇತ್ತು.

ಇನ್ನೊಂದು ಗುಟ್ಟಿನ ಲಕ್ಷಣ ಕೊಲೆಸ್ಟರಾಲ್. ಹೈಪೋ ಇದ್ದರೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಅದಕ್ಕೆ ಮಾತ್ರೆ ಶುರು ಮಾಡುವ ಮುಂಚೆ ಒಂದು ಸಲ ಟಿಎಸ್‌ಎಚ್ ನೋಡಿಸಿದ್ದಾರಾ ಅಂತ ಕೇಳಿಕೊಳ್ಳಿ.

ನನಗೇ ಯಾಕೆ ಬಂತು? ಉಪ್ಪು ಕಮ್ಮಿ ತಿಂದಿದ್ದಕ್ಕಾ?

ಈಗಿನ ಕಾಲದಲ್ಲಿ ಹೆಚ್ಚಾಗಿ ಉಪ್ಪಲ್ಲ. ನಮ್ಮದೇ ರೋಗ ನಿರೋಧಕ ಶಕ್ತಿ ತಪ್ಪು ತಿಳಿದು ನಮ್ಮದೇ ಗ್ರಂಥಿಯನ್ನು ಕಾಯಿಲೆ ಅಂದುಕೊಂಡು ತಿಂದುಹಾಕುತ್ತದೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಅನ್ನುವ ಡಾಕ್ಟರು ಇದನ್ನು ಬರೆದಿಟ್ಟರು, ಅವರ ಹೆಸರೇ ಕಾಯಿಲೆಗೂ ಉಳಿಯಿತು. ಗಂಡಸರಿಗಿಂತ ಹೆಂಗಸರಿಗೆ ಬಹಳ ಜಾಸ್ತಿ, ಮನೆತನದಲ್ಲಿ ಹರಿದು ಬರುತ್ತದೆ. ನಿಮ್ಮ ತಪ್ಪು ಏನೂ ಇಲ್ಲ.

ಅಯೋಡಿನ್ ಕೊರತೆಯ ಕಥೆ ಹಿಂದಿನದು. ಮಳೆ ಜಾಸ್ತಿ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗಿರುತ್ತದೆ. ನಮ್ಮದು ಕೊಪ್ಪದ ಕಡೆ. ಕತ್ತಿನಲ್ಲಿ ಬದನೆಕಾಯಿಯಷ್ಟು ಗಂಟು ಇಳಿಬಿದ್ದ ಹೆಂಗಸರನ್ನು ಅಜ್ಜಿ ನೋಡಿದ್ದಳು. ಅದಕ್ಕೆ ಗಳಗಂಡ ಅಂತ ಹೆಸರು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಒಂದು ಕಡೆಯವರಿಗೆ ಅಯೋಡಿನ್ ಬೆರೆಸಿದ ಉಪ್ಪು, ಇನ್ನೊಂದು ಕಡೆಯವರಿಗೆ ಮಾಮೂಲಿ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ಸರ್ಕಾರ ದೇಶದ ಮಟ್ಟದಲ್ಲಿ ಗಳಗಂಡ ನಿಯಂತ್ರಣದ ಕಾರ್ಯಕ್ರಮ ಶುರು ಮಾಡಿತು.

ಹಾಗಾದರೆ ಸೈಂಧವ ಲವಣ ಒಳ್ಳೆಯದಾ?

ತಿಂಗಳಿಗೊಂದು ಏಕಾದಶಿಗೆ ತಿನ್ನಿ, ಯಾರು ಬೇಡ ಅಂದರು? ಮನೆಯಲ್ಲಿ ದಿನಾ ಅದನ್ನೇ ಬಳಸಬೇಡಿ. ಗುಲಾಬಿ ಬಣ್ಣದ ಉಪ್ಪಿನಲ್ಲಿ ಬೆರೆಸಿದ ಅಯೋಡಿನ್ ಇರುವುದಿಲ್ಲ. ಅಯೋಡಿನ್ ಹಾಕದ ಕಲ್ಲುಪ್ಪೂ ಅಷ್ಟೇ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಬಸುರಿಗೆ 250. ಮನೆಗೆ ತಲುಪುವ ಉಪ್ಪಿನಲ್ಲಿ ಗ್ರಾಂಗೆ 15 ಮೈಕ್ರೋಗ್ರಾಂ ಆದರೂ ಇರಬೇಕು ಅನ್ನುವುದು ನಮ್ಮ ದೇಶದ ನಿಯಮ. ಉಪ್ಪಿನ ಡಬ್ಬಿ ಮುಚ್ಚಿಡಿ, ಒಲೆಯ ಪಕ್ಕ ತೆರೆದಿಟ್ಟರೆ ಅಯೋಡಿನ್ ಹಾರಿಹೋಗುತ್ತದೆ.

ಮಾತ್ರೆ ಹೇಗೆ ತಗೋಬೇಕು? ಕಾಫಿ ಯಾವಾಗ?

ಇದೊಂದನ್ನು ಸರಿಯಾಗಿ ಓದಿ, ಬೇರೆಯದೆಲ್ಲ ಬಿಟ್ಟರೂ ಪರವಾಗಿಲ್ಲ.

ನಮ್ಮ ಅಡುಗೆಮನೆಯಲ್ಲಿ ಐದೂವರೆಗೆ ಮೊದಲು ಆಗುವ ಕೆಲಸ ಇದು. ನೀರಿನ ಚೊಂಬಿನ ಪಕ್ಕ ಬಾಟಲಿ ಇರುತ್ತದೆ. ಬೋರಲು ಹಾಕಿದರೆ ಮಾತ್ರೆ ಬೆರಳ ತುದಿಗೆ ಅಂಟಿಕೊಂಡುಬಿಡುತ್ತದೆ, ಅಷ್ಟು ಚಿಕ್ಕದು. ಅದರಲ್ಲೂ ಔಷಧಿ ಇರುವುದು 75 ಮೈಕ್ರೋಗ್ರಾಂ, ಉಳಿದದ್ದು ಮಾತ್ರೆಯ ಆಕಾರಕ್ಕೆ ಬೇಕಾದ ಪುಡಿ. ಲೆಕ್ಕ ಹಾಕಿ ನೋಡಿದೆ: ಒಂದೇ ಒಂದು ಗ್ರಾಂ ಥೈರಾಕ್ಸಿನ್ (ಟಿ4ನ ಪೂರ್ತಿ ಹೆಸರು, ಮಾತ್ರೆಯಲ್ಲಿರುವುದೂ ಅದೇ) ಸಿಕ್ಕರೆ ನನಗೆ 36 ವರ್ಷಕ್ಕೆ ಸಾಕು! ಇಷ್ಟು ಕಮ್ಮಿ ಇರುವುದರಿಂದಲೇ ಹೊಟ್ಟೆಯಲ್ಲಿ ಯಾವುದಕ್ಕಾದರೂ ಸ್ವಲ್ಪ ಅಂಟಿಕೊಂಡು ಹೋದರೂ ಲೆಕ್ಕ ತಪ್ಪುತ್ತದೆ.

ಖಾಲಿ ಹೊಟ್ಟೆ, ಬರೀ ನೀರು. ಆಮೇಲೆ ಕಮ್ಮಿಯೆಂದರೂ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಬರುವಾಗ ಆ ಒಂದು ಗಂಟೆ ಕಾಯುವುದು ನಿಜವಾದ ತಪಸ್ಸು, ಗೊತ್ತು. ಕಾಫಿ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇನ್ನೂ ಕೆಟ್ಟವು, ಅವಕ್ಕೆ ನಾಲ್ಕು ಗಂಟೆ ಅಂತರ ಬೇಕು. ಅಮ್ಮನ ಟಿಎಸ್‌ಎಚ್ ಒಂದು ಸಲ 3ರಿಂದ 11ಕ್ಕೆ ಹಾರಿತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಅಂತ ಆಣೆ ಮಾಡಿದಳು, ಅದೂ ನಿಜವೇ. ಡಾಕ್ಟರು "ಬೆಳಿಗ್ಗೆ ಇನ್ನೇನು ತಗೋತೀರಿ?" ಅಂತ ಕೇಳಿದ ಮೇಲೆ ಬಯಲಾಯಿತು. ಮಂಡಿನೋವಿಗೆ ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು "ಒಟ್ಟಿಗೇ ನುಂಗಿಬಿಟ್ಟರೆ ಮರೆಯಲ್ಲ" ಅಂತ ಅದೇ ನೀರಿನಲ್ಲಿ ನುಂಗುತ್ತಿದ್ದಳು. ಡೋಸ್ ಮುಟ್ಟಲಿಲ್ಲ, ಕ್ಯಾಲ್ಸಿಯಂ ಮಾತ್ರ ಮಧ್ಯಾಹ್ನ ಊಟಕ್ಕೆ ಹೋಯಿತು. ಎರಡು ತಿಂಗಳಿಗೆ ಮತ್ತೆ 3 ಚಿಲ್ಲರೆ.

ಬೆಳಿಗ್ಗೆ ಆಗಲ್ಲ ಅನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತಗೋಬಹುದು, ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಾಟಲಿಯನ್ನು ಒಲೆ ಮೇಲಿನ ಶೆಲ್ಫಿನಲ್ಲಿ ಇಡಬೇಡಿ, ಬಿಸಿ ಮತ್ತು ತೇವ ಅದಕ್ಕಾಗದು. ಕಂಪನಿ ಬದಲಾದರೆ ಡಾಕ್ಟರಿಗೆ ಹೇಳಿ, ಒಂದೂವರೆ ತಿಂಗಳಿಗೆ ಟೆಸ್ಟ್ ಮಾಡಿಸಿ.

ಡೋಸ್ ಬದಲಾಗಿ ಹತ್ತು ದಿನ ಆಯ್ತು, ಟೆಸ್ಟ್ ಮಾಡಿಸಲಾ?

ಬೇಡ, ದುಡ್ಡು ದಂಡ. ಟಿ4 ರಕ್ತದಲ್ಲಿ ಅರ್ಧವಾಗಲು ಸುಮಾರು ಒಂದು ವಾರ ಬೇಕು. ಹೊಸ ಡೋಸ್ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ. ಆರರಿಂದ ಎಂಟು ವಾರ ಬಿಟ್ಟು ಹೋಗಿ. ಬೇಗ ಹೋದರೆ ಅರ್ಧ ಬೆಂದ ಅನ್ನ ನೋಡಿ ಉಪ್ಪು ಹಾಕಿದ ಹಾಗೆ, ಡೋಸ್ ಏರಿಸಿ ಇಳಿಸಿ ವರ್ಷವಿಡೀ ಅದೇ ಆಟ. ಟಿಎಸ್‌ಎಚ್ ಬೆಳಗಿನ ಜಾವ ಜಾಸ್ತಿ ಇದ್ದು ಮಧ್ಯಾಹ್ನ ಇಳಿಯುತ್ತದೆ. ಪ್ರತಿ ಸಲ ಒಂದೇ ಹೊತ್ತಿಗೆ ರಕ್ತ ಕೊಡಿ, ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲೆ.

ಜೀವನಪೂರ್ತಿ ತಗೋಬೇಕಾ? ಅಭ್ಯಾಸ ಆಗಿಬಿಡುತ್ತದಲ್ವಾ?

ಗ್ರಂಥಿ ಪೂರ್ತಿ ಸೋತಿದ್ದರೆ ಹೌದು, ಜೀವನಪೂರ್ತಿ. ಇದು ಅಭ್ಯಾಸ ಅಲ್ಲ, ಕನ್ನಡಕದ ಹಾಗೆ. ನಿಮ್ಮ ಮೈ ಮಾಡಬೇಕಾದ್ದನ್ನೇ ಮಾತ್ರೆ ಕೊಡುತ್ತಿದೆ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅನ್ನುವ ಡಾಕ್ಟರು ಹೀಗೇ ಸುಸ್ತಾಗಿ ಊದಿಕೊಂಡಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡರು. ಆಮೇಲೆ ಆ ರಸವನ್ನು ಕುಡಿಯುತ್ತಲೇ 28 ವರ್ಷ ಬದುಕಿ, 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ 870ಕ್ಕೂ ಹೆಚ್ಚು ಕುರಿಗಳು ಬೇಕಾದವು! 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಹರಳಾಗಿ ಬೇರ್ಪಡಿಸಿದರು. ಮಾತ್ರೆ ನುಂಗುವುದು ಬೇಜಾರು ಅನ್ನಿಸಿದಾಗ ನಾನು ಆ ಕುರಿ ರಸ ನೆನೆಸಿಕೊಳ್ಳುತ್ತೇನೆ.

ನನ್ನ ಟಿಎಸ್‌ಎಚ್ 6 ಇದೆ, ಟಿ4 ಸರಿ ಇದೆ. ಮಾತ್ರೆ ಬೇಕೇಬೇಕಾ?

ಬಹಳ ಸಲ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರೆ ತಾನಾಗಿಯೇ ಇಳಿದಿರುತ್ತದೆ. ಹತ್ತು ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರು ಮಾಡುತ್ತಾರೆ. ವಯಸ್ಸಾದವರಲ್ಲಿ ಸ್ವಲ್ಪ ಏರುವುದು ಸಹಜ, ಸುಮ್ನೆ ಮಾತ್ರೆ ಕೊಟ್ಟು ಜಾಸ್ತಿಯಾದರೆ ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮಗುವಿಗೆ ಪ್ರಯತ್ನಿಸುತ್ತಿರುವವರ ಲೆಕ್ಕ ಬೇರೆ.

ಬಸುರಿ ಆದರೆ?

ಗೊತ್ತಾದ ದಿನವೇ ಫೋನ್ ಮಾಡಿ. ಐದನೇ ತಿಂಗಳ ಸ್ಕ್ಯಾನ್‌ವರೆಗೆ ಕಾಯಬೇಡಿ. ಮಗುವಿನ ಥೈರಾಯ್ಡ್ ಕೆಲಸಕ್ಕೆ ಬರುವವರೆಗೆ, ಅಂದರೆ ಮೊದಲ ಮೂರು ತಿಂಗಳು, ಅದರ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಲ್ಲೇ. ಮೊದಲಿಂದ ಮಾತ್ರೆ ತಗೋತಿರುವವರಿಗೆ ಡೋಸ್ 25ರಿಂದ 50 ಶೇಕಡಾ ಜಾಸ್ತಿ ಬೇಕಾಗುತ್ತದೆ. "ಬಸುರಿಯಲ್ಲಿ ಮಾತ್ರೆ ಗಿತ್ರೆ ಬೇಡ" ಅಂತ ನಿಲ್ಲಿಸುವ ಹಿರಿಯರು ಇನ್ನೂ ಇದ್ದಾರೆ. ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ.

ಎಲೆಕೋಸು, ಹೂಕೋಸು ಬಿಡಬೇಕಾ?

ಬಿಡಬೇಕಾಗಿಲ್ಲ. ಬೇಯಿಸಿದ ಪಲ್ಯ ವಾರಕ್ಕೆರಡು ಸಲ ತಿಂದರೆ ಏನೂ ಆಗಲ್ಲ. ದಿನಾ ಹಸಿ ಕೋಸಿನ ಜ್ಯೂಸು ಕುಡಿಯುವ ಹುಚ್ಚಿದ್ದರೆ ಮಾತ್ರ ಯೋಚಿಸಿ. ಸೋಯಾ ತಿಂದರೆ ಅದು ಥೈರಾಯ್ಡ್ ಮಾತ್ರೆಯನ್ನು ಹೀರಲು ಬಿಡುವುದಿಲ್ಲ, ಅದನ್ನು ಮಾತ್ರೆಯಿಂದ ದೂರ ಇಡಿ.

ಮಾತ್ರೆ ತಗೊಂಡರೂ ತೂಕ ಇಳಿದಿಲ್ಲ!

ಬೇಜಾರಿನ ಉತ್ತರ: ಹೈಪೋದಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ನೀರು. ಅದು ಇಳಿಯುತ್ತದೆ. 18 ಕೆಜಿ ಏರಿದ್ದರೆ ಅಷ್ಟಕ್ಕೂ ಥೈರಾಯ್ಡನ್ನು ದೂರುವ ಹಾಗಿಲ್ಲ. ನಾನೂ ದೂರಿದ್ದೆ, ಸಂಜೆಯ ಚಕ್ಕುಲಿ ಡಬ್ಬಿಯನ್ನು ಬಿಟ್ಟು. ತೂಕ ಇಳಿಸಲಿಕ್ಕೆ ಅಂತ ಡೋಸ್ ನೀವೇ ಏರಿಸಿಕೊಳ್ಳಬೇಡಿ.

ನನಗೆ ಉಲ್ಟಾ. ತಿಂದರೂ ಸಣ್ಣಗಾಗುತ್ತಿದ್ದೇನೆ, ಕೈ ನಡುಗುತ್ತದೆ.

ಅದು ಹೈಪರ್ ಇರಬಹುದು. ಎದೆ ಡವಡವ, ಬೆವರು, ನಿದ್ದೆ ಇಲ್ಲ, ಕೆಲವರಿಗೆ ಕಣ್ಣು ಹೊರಗೆ ಬಂದ ಹಾಗೆ. ಟಿಎಸ್‌ಎಚ್ ಸೊನ್ನೆಯ ಹತ್ತಿರ ಇರುತ್ತದೆ. ಕಾರ್ಬಿಮಜೋಲ್ ಅನ್ನುವ ಮಾತ್ರೆ ಕೊಟ್ಟಿದ್ದರೆ ಒಂದು ಮಾತು ನೆನಪಿಡಿ: ಜ್ವರ, ಗಂಟಲುನೋವು ಬಂದರೆ ಕಷಾಯ ಕುಡಿದು ಕೂರಬೇಡಿ, ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರ ಹತ್ತಿರ ಹೋಗಿ ರಕ್ತದ ಬಿಳಿಕಣ ನೋಡಿಸಿ. ಅಪರೂಪಕ್ಕೆ ಈ ಮಾತ್ರೆಯಿಂದ ಬಿಳಿಕಣ ಪೂರ್ತಿ ಕುಸಿಯುತ್ತದೆ.

ಥೈರಾಯ್ಡ್ ಇದ್ದರೆ ಶುಗರ್ ಬರುತ್ತದಾ? ಪಿಸಿಒಎಸ್ ಕೂಡ?

ಒಂದರಿಂದ ಇನ್ನೊಂದು ನೇರವಾಗಿ ಬರುತ್ತದೆ ಅಂತಲ್ಲ. ಆದರೆ ಮಕ್ಕಳಲ್ಲಿ ಕಾಣುವ ಟೈಪ್ 1 ಶುಗರ್ ಮತ್ತು ಹಶಿಮೊಟೊ ಎರಡೂ ಒಂದೇ ಜಾತಿ, ಮೈಯೇ ಮೈಯನ್ನು ಹೊಡೆಯುವ ಕಾಯಿಲೆ. ಅದಕ್ಕೇ ಆ ಮಕ್ಕಳಿಗೆ ಥೈರಾಯ್ಡ್ ಟೆಸ್ಟೂ ಮಾಡುತ್ತಾರೆ. ಅವರಿಗೆ ಇನ್ಸುಲಿನ್ ಬಿಟ್ಟರೆ ಬೇರೆ ದಾರಿ ಇಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುವ ತನಕ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ.

ದೊಡ್ಡವರ ಟೈಪ್ 2 ಬೇರೆ. ಅಲ್ಲಿ ಇನ್ಸುಲಿನ್ ಇದೆ, ಮೈ ಅದರ ಮಾತು ಕೇಳುತ್ತಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ, ಅಂಚಿನಲ್ಲಿರುವವರು 13.6 ಕೋಟಿ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹುಷಾರು. ಟೇಪು ಹಿಡಿದು ಅಳೆಯಿರಿ, ಪ್ಯಾಂಟಿನ ಸೈಜು ನಂಬಬೇಡಿ, ಅದು ಹೊಟ್ಟೆಯ ಕೆಳಗೆ ಕೂರುತ್ತದೆ.

ಹದಿಹರೆಯದ ಹುಡುಗಿಯರ ಕತ್ತಿನ ಹಿಂದೆ ಮಖಮಲ್ ಹಾಗೆ ಕಪ್ಪಗೆ ದಪ್ಪಗಾಗಿರುವುದನ್ನು ನೋಡಿದ್ದೀರಾ? ಕೊಳೆ ಅಂತ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಾರೆ, ಪಾಪ. ಅದು ಕೊಳೆ ಅಲ್ಲ, ಹೆಚ್ಚಾಗಿ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾಗಿರುವ ಗುರುತು. ಅದೇ ಜಾಸ್ತಿ ಇನ್ಸುಲಿನ್ ಅಂಡಾಶಯದಿಂದ ಗಂಡು ಹಾರ್ಮೋನು ಹೆಚ್ಚು ಹೊರಡಿಸುತ್ತದೆ. ಮುಟ್ಟು ತಪ್ಪುತ್ತದೆ, ಗದ್ದದಲ್ಲಿ ಕೂದಲು ಬರುತ್ತದೆ, ಮೊಡವೆ. ಪಿಸಿಒಎಸ್ ಅನ್ನುವುದು ಇದನ್ನೇ. ಮುಟ್ಟು ತಪ್ಪಿದಾಗ ಟಿಎಸ್‌ಎಚ್ ಕೂಡ ನೋಡುತ್ತಾರೆ, ಯಾಕೆಂದರೆ ಹೈಪೋನಲ್ಲೂ ಮುಟ್ಟು ಏರುಪೇರಾಗುತ್ತದೆ. ಹುಡುಗಿಯನ್ನು ಉಜ್ಜುವುದು ಬಿಟ್ಟು ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟ್ ಎಚ್‌ಬಿಎ1ಸಿ 6.5 ಮುಟ್ಟಿದರೆ ಶುಗರ್, 5.7ರಿಂದ 6.4 ಅಂಚು. ಕಬ್ಬಿಣಾಂಶ ಕಮ್ಮಿಯಿರುವ ಹೆಂಗಸರಲ್ಲಿ ಈ ಅಂಕಿ ಸುಳ್ಳೇ ಸ್ವಲ್ಪ ಏರಿರಬಹುದು, ಹಿಮೋಗ್ಲೋಬಿನ್ ಕೂಡ ಪಕ್ಕಕ್ಕಿಟ್ಟು ನೋಡಬೇಕು.

ಮಂಡಿನೋವಿನ ಪುಡಿ ತಗೊಂಡ ಮೇಲೆ ಮುಖ ದುಂಡಗಾಗಿದೆ, ಶುಗರ್ ಏರಿದೆ. ಸಂಬಂಧ ಇದೆಯಾ?

ಇರಬಹುದು. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸ ಸುದ್ದಿಯಲ್ಲ. ಎರಡೇ ದಿನದಲ್ಲಿ ನೋವು ಮಾಯವಾದರೆ ಅನುಮಾನ ಪಡಿ. ಆದರೆ ಭಯವಾಗಿ ಒಂದೇ ಸಲ ನಿಲ್ಲಿಸಬೇಡಿ. ಹೊರಗಿನಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ಕಿಡ್ನಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಬಿಟ್ಟಿರುತ್ತದೆ. ತಟ್ಟನೆ ನಿಲ್ಲಿಸಿದರೆ ವಾಂತಿ, ಬಿಪಿ ಕುಸಿತ, ಜೀವಕ್ಕೇ ಅಪಾಯ. ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಕೂದಲಿಗೆ ಬಯೋಟಿನ್ ತಗೋತಿದ್ದೇನೆ, ತೊಂದರೆ ಇಲ್ಲ ತಾನೇ?

ಕೂದಲಿನ ಕಥೆ ಬಿಡಿ, ಬಯೋಟಿನ್ ಕೆಲವು ಯಂತ್ರಗಳ ಥೈರಾಯ್ಡ್ ಟೆಸ್ಟನ್ನೇ ಕೆಡಿಸುತ್ತದೆ. ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಅಂತ ಸುಳ್ಳು ರಿಪೋರ್ಟ್ ಬಂದು ಇಲ್ಲದ ಹೈಪರ್ ಕಾಣಿಸುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆ ನಿಲ್ಲಿಸಿ.

ಒಂದು ದಿನ ಮಾತ್ರೆ ಮರೆತರೆ?

ಏನೂ ಆಗಲ್ಲ, ಟಿ4 ಒಂದು ವಾರದ ಸರಕು ಅಂತ ಹೇಳಿದೆನಲ್ಲ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವ ಹೊತ್ತಿಗೆ ತಗೊಳ್ಳಿ. ಪದೇ ಪದೇ ಮರೆಯುತ್ತಿದ್ದರೆ ಒಂದು ಗುರುತು ಇಟ್ಟುಕೊಳ್ಳಿ. ನಾನು ಫೋನಿನ ಅಲಾರಾಂ. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಮಾತ್ರೆಗೂ ಒಂದು ಚುಕ್ಕೆ ಇಡುತ್ತಾಳೆ. ಈಗ ತಿಂಗಳ ಕೊನೆಗೆ ತಪ್ಪಿದ್ದು ಹಾಲೋ ಮಾತ್ರೆಯೋ ಅಂತ ಅವಳಿಗೂ ಗೊತ್ತಾಗಲ್ಲ, ಹಾಲಿನವನಿಗೂ ಗೊತ್ತಾಗಲ್ಲ.